ಎಳೆಯುವುದಕ್ಕೊಂದು ಲೆಕ್ಕ, ನಿಲ್ಲಿಸುವುದಕ್ಕೊಂದು ಲೆಕ್ಕ

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಖೋಪೋಲಿ ದಾಟಿ ಖಂಡಾಲಾದ ಏರು ಶುರುವಾಗುತ್ತಿದ್ದಂತೆ ಲೋಡು ತುಂಬಿದ ಲಾರಿಗಳ ವೇಗ ಆಳು ಓಡುವ ವೇಗಕ್ಕೆ ಇಳಿಯುತ್ತದೆ. ಎಂಜಿನ್ ಜೋರಾಗಿ ಅರಚುತ್ತಿರುತ್ತದೆ, ಚಕ್ರ ಮಾತ್ರ ನಿಧಾನವಾಗಿ ಉರುಳುತ್ತದೆ. ಪಕ್ಕದಲ್ಲಿ ಕಾರಿನಲ್ಲಿ ಹಾದುಹೋಗುವವರಿಗೆ ಇದು ಲಾರಿಯ ಸೋಲಿನಂತೆ ಕಾಣುತ್ತದೆ. ಆದರೆ ಅಲ್ಲಿ ನಡೆಯುತ್ತಿರುವುದು ಒಂದು ಸರಳ ವ್ಯಾಪಾರ. ವೇಗವನ್ನು ಕೊಟ್ಟು ಲಾರಿಯು ಬಲವನ್ನು ಕೊಳ್ಳುತ್ತಿದೆ. ಏರಿನಲ್ಲಿ ಸೈಕಲ್ಲಿನ ಗೇರು ಇಳಿಸಿದವರು ಮಾಡುವುದೂ ಇದನ್ನೇ. ಪೆಡಲು ಹೆಚ್ಚು ಸಲ ತುಳಿಯಬೇಕು, ಆದರೆ ಪ್ರತಿ ತುಳಿತವೂ ಹಗುರ.

ಈ ವ್ಯಾಪಾರ ನಡೆಯುವುದು ಎರಡು ಕಡೆ. ಒಂದು, ಚಾಲಕನ ಕೈಯಲ್ಲಿರುವ ಗೇರ್‌ಬಾಕ್ಸು. ಇನ್ನೊಂದು, ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಹೌಸಿಂಗು. ಗ್ಯಾರೇಜಿನವರು ಕ್ರೌನ್-ಪಿನಿಯನ್ ಎಂದು ಕರೆಯುವ ಜೋಡಿ ಹಲ್ಲುಚಕ್ರಗಳು ಇರುವುದು ಅದರೊಳಗೆ. ಗೇರ್‌ಬಾಕ್ಸಿನ ಲೆಕ್ಕವನ್ನು ಚಾಲಕ ಕ್ಷಣಕ್ಷಣಕ್ಕೂ ಬದಲಿಸಬಹುದು. ಹೌಸಿಂಗಿನೊಳಗಿನ ಲೆಕ್ಕ ಕಾರ್ಖಾನೆಯಲ್ಲಿಯೇ ನಿರ್ಧಾರವಾಗಿರುತ್ತದೆ. ಅದನ್ನು ಬದಲಿಸಬೇಕೆಂದರೆ ಆಕ್ಸಲ್ ಬಿಚ್ಚಿಸಬೇಕು.

ಭಾರತದಲ್ಲಿ ಈ ಭಾಗದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಲಾರಿ ಮಾಲೀಕರು ಮತ್ತು ಮೆಕ್ಯಾನಿಕ್‌ಗಳು ಮಾತ್ರ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಟ್ರಕ್ ಎಂದರೆ ಬಹುಪಾಲು ಪಿಕಪ್. ಮನೆಮುಂದೆ ನಿಲ್ಲುವ ಆ ಗಾಡಿಯ ಹಿಂದೆ ಜನ ವಾರಾಂತ್ಯದಲ್ಲಿ ದೋಣಿಯನ್ನೋ, ಕುದುರೆ ಸಾಗಿಸುವ ಟ್ರೇಲರನ್ನೋ, ಅಡುಗೆಮನೆ ಮಂಚಗಳಿರುವ ಗಾಲಿಮನೆಯನ್ನೋ ಕಟ್ಟಿಕೊಂಡು ಹೊರಡುತ್ತಾರೆ. ಮೂರು ಟನ್ನಿನ ಟ್ರೇಲರನ್ನು ಎಳೆಯುವವನು ವೃತ್ತಿಪರ ಚಾಲಕನಾಗಿರಬೇಕಿಲ್ಲ. ಶಾಲೆಯ ಮೇಷ್ಟ್ರೋ ಅಂಗಡಿಯ ಲೆಕ್ಕಿಗನೋ ಆಗಿರಬಹುದು. ಏರಿನಲ್ಲಿ ಗಾಡಿ ತಿಣುಕಿದಾಗ ಅವನಿಗೆ ಸಿಗುವ ಸಲಹೆಗಳಲ್ಲಿ ಒಂದು ಯಾವಾಗಲೂ ಇದ್ದೇ ಇರುತ್ತದೆ: ಆಕ್ಸಲ್ಲಿನ ಗೇರು ಬದಲಿಸು.

ಸಲಹೆ ಕೆಟ್ಟದ್ದಲ್ಲ. ಹಲವು ಸಂದರ್ಭಗಳಲ್ಲಿ ಎಂಜಿನ್ನಿಗೆ ಹಣ ಸುರಿಯುವುದಕ್ಕಿಂತ ಇದೇ ಒಳ್ಳೆಯ ಉಪಾಯ. ತೊಂದರೆ ಇರುವುದು ಅದರ ಜೊತೆಗೆ ಸದ್ದಿಲ್ಲದೆ ಬರುವ ಇನ್ನೊಂದು ನಂಬಿಕೆಯಲ್ಲಿ. ಗೇರು ಬದಲಿಸಿದ ಮೇಲೆ ಗಾಡಿಯ ತಾಕತ್ತು ಹೆಚ್ಚಿತು, ಆದ್ದರಿಂದ ಇನ್ನೂ ಹೆಚ್ಚಿನ ಭಾರ ಕಟ್ಟಬಹುದು ಎಂಬ ನಂಬಿಕೆ ಅದು. ಮಾತಿನ ಮೊದಲ ಅರ್ಧ ಸುಮಾರಾಗಿ ನಿಜ. ಎರಡನೆಯ ಅರ್ಧ ಅಪಾಯಕಾರಿ.

ಒಂದು ಅಂಕಿಯ ಅರ್ಥ

ಅಮೆರಿಕದ ಪಿಕಪ್‌ಗಳ ವಿವರಪಟ್ಟಿಯಲ್ಲಿ 3.21, 3.55, 3.73, 4.10 ಎಂಬಂಥ ಅಂಕಿಗಳು ಕಾಣುತ್ತವೆ. ಇದರಲ್ಲಿ ಗುಟ್ಟೇನೂ ಇಲ್ಲ. ಕ್ರೌನ್ ವೀಲಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 10 ಹಲ್ಲು ಇದ್ದರೆ ಭಾಗಿಸಿದಾಗ ಬರುವುದು 4.10. ಪಿನಿಯನ್ನಿಗೆ 11 ಹಲ್ಲಿದ್ದರೆ 3.73. ಅಂದರೆ ಪ್ರೊಪೆಲ್ಲರ್ ಶಾಫ್ಟು ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಅಂಕಿ ದೊಡ್ಡದಾದಷ್ಟೂ ಚಕ್ರಕ್ಕೆ ಸಿಗುವ ತಿರುಚುಬಲ ಹೆಚ್ಚು. ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತೂ ಹೆಚ್ಚು.

3.55ರಿಂದ 4.10ಕ್ಕೆ ಬದಲಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಹೋಗುವ ಟಾರ್ಕ್ ಸುಮಾರು ಶೇ 15ರಷ್ಟು ಏರುತ್ತದೆ. ಬೆಲೆಯೂ ಅಷ್ಟೇ. 32 ಇಂಚಿನ ಟೈರು, 0.70 ಅನುಪಾತದ ಓವರ್‌ಡ್ರೈವ್ ಗೇರು ಇರುವ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ಮೊದಲು ಎಂಜಿನ್ ನಿಮಿಷಕ್ಕೆ ಸುಮಾರು 1,620 ಸುತ್ತು ತಿರುಗುತ್ತಿದ್ದರೆ ಈಗ ಸುಮಾರು 1,870 ಸುತ್ತು ತಿರುಗಬೇಕು. ಟ್ರೇಲರ್ ಇಲ್ಲದೆ ಖಾಲಿ ಓಡಾಡುವ ದಿನಗಳಲ್ಲಿ ಇಂಧನ ಸ್ವಲ್ಪ ಹೆಚ್ಚು ಹೋಗುತ್ತದೆ, ಸದ್ದೂ ಹೆಚ್ಚುತ್ತದೆ. ಖಾಲಿ ಗಾಡಿಯ ಮೈಲೇಜು ಚೆನ್ನಾಗಿ ಕಾಣಲೆಂದೇ ಕಂಪನಿಗಳು ಸಾಮಾನ್ಯ ಮಾದರಿಗಳಿಗೆ ಸಣ್ಣ ಅಂಕಿಯ ಗೇರು ಹಾಕುವುದು. ಕೊಳ್ಳುವವನು ಷೋರೂಮಿನಲ್ಲಿ ಹಾರ್ಸ್‌ಪವರ್ ಕೇಳುತ್ತಾನೆ, ಆಕ್ಸಲ್ ಅನುಪಾತ ಕೇಳುವುದಿಲ್ಲ. ಎರಡು ವರ್ಷದ ಮೇಲೆ ಟ್ರೇಲರ್ ಕೊಂಡಾಗ ಕೇಳದೆ ಬಿಟ್ಟ ಪ್ರಶ್ನೆ ನೆನಪಾಗುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಗೇರು ಬದಲಿಸುವುದರಿಂದ ಎಂಜಿನ್ನಿನ ಶಕ್ತಿ ಒಂದು ಹಾರ್ಸ್‌ಪವರ್ ಕೂಡ ಹೆಚ್ಚುವುದಿಲ್ಲ. ಪಿಕಪ್ಪೂ ಟ್ರೇಲರೂ ಸೇರಿ 6,000 ಕಿಲೋ ತೂಕವಿದೆ, 100 ಮೀಟರ್ ಹೋದರೆ 6 ಮೀಟರ್ ಏರುವ ರಸ್ತೆ ಎನ್ನೋಣ. ಅಷ್ಟು ತೂಕವನ್ನು ಏರಿಸಲು ಬೇಕಾಗುವ ಬಲ ಸುಮಾರು 3,500 ನ್ಯೂಟನ್. ಗಂಟೆಗೆ 80 ಕಿ.ಮೀ. ವೇಗ ಕಾಯ್ದುಕೊಳ್ಳಲು ಏರಿಗೊಂದಕ್ಕೇ 78 ಕಿಲೋವ್ಯಾಟ್, ಅಂದರೆ 105 ಹಾರ್ಸ್‌ಪವರಿನಷ್ಟು ಬೇಕು. ಎತ್ತರದ ಟ್ರೇಲರಿಗೆ ಬಡಿಯುವ ಗಾಳಿ, ಟೈರುಗಳ ಉರುಳಾಟದ ನಷ್ಟ ಸೇರಿದರೆ ಅದು ಒಂದೂವರೆ ಪಟ್ಟಿಗೆ ಹತ್ತಿರವಾಗುತ್ತದೆ. ಆಕ್ಸಲ್ಲಿನಲ್ಲಿ ಯಾವ ಗೇರಿದ್ದರೂ ಈ ಲೆಕ್ಕ ಬದಲಾಗದು. ಗೇರು ಮಾಡುವುದು ಇಷ್ಟೇ: ಎಂಜಿನ್ ತನ್ನ ಶಕ್ತಿಯನ್ನು ಕೊಡಬಲ್ಲ ಸುತ್ತಿನ ಮಟ್ಟಕ್ಕೆ ಅದನ್ನು ತಂದು ನಿಲ್ಲಿಸುತ್ತದೆ. ಇದು ಸಣ್ಣ ಉಪಕಾರವೇನಲ್ಲ. ಆದರೆ ಇಲ್ಲದ್ದನ್ನು ಸೃಷ್ಟಿಸುವ ಕೆಲಸವಂತೂ ಅಲ್ಲ.

ದೊಡ್ಡ ಟೈರು ಕದ್ದದ್ದು ಏನು

ಗೇರು ಬದಲಿಸಲು ಅತ್ಯಂತ ನ್ಯಾಯವಾದ ಕಾರಣ ದೊಡ್ಡ ಟೈರು. ಕಾಡುದಾರಿಗೆಂದೋ ನೋಟಕ್ಕೆಂದೋ 31 ಇಂಚಿನ ಟೈರು ತೆಗೆದು 35 ಇಂಚಿನದನ್ನು ಹಾಕಿಸುವವರು ಅಮೆರಿಕದಲ್ಲಿ ಬಹಳ. ಚಕ್ರದ ವ್ಯಾಸ ಶೇ 13ರಷ್ಟು ಹೆಚ್ಚಿದಾಗ ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗಬೇಕು. ಸೈಕಲ್ಲಿಗೆ ದೊಡ್ಡ ಚಕ್ರ ಹಾಕಿ ಪೆಡಲು ಹಾಗೆಯೇ ಬಿಟ್ಟಂತೆ. 3.73ರ ಗೇರಿದ್ದ ಗಾಡಿ ಈಗ 3.30 ಇದ್ದಂತೆ ನಡೆದುಕೊಳ್ಳುತ್ತದೆ. ಟ್ರೇಲರ್ ಕಟ್ಟುವ ಮೊದಲೇ ಗಾಡಿ ಮಂದವಾಗಿದೆ. ಕಟ್ಟಿದ ಮೇಲೆ ಕೇಳುವುದೇ ಬೇಡ.

ಕಳೆದುದನ್ನು ಮರಳಿ ಪಡೆಯಲು 4.21ರ ಗೇರು ಬೇಕು. ಸಿಗುವ ಜೋಡಿಗಳಲ್ಲಿ ಹತ್ತಿರದ್ದು 4.10, ಭಾರ ಎಳೆಯುವವರಾದರೆ 4.56 ಆರಿಸುತ್ತಾರೆ. ಇಷ್ಟು ಮಾಡಿದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಪಾಲಿಗೆ ಗಾಡಿ ಮೊದಲಿನಂತೆಯೇ. ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್ ಆಗಿದ್ದರೆ ಏರಿನಲ್ಲಿ ಮೂರಕ್ಕೂ ನಾಲ್ಕಕ್ಕೂ ನಡುವೆ ಗೊಂದಲಪಟ್ಟು ಮೇಲೆ ಕೆಳಗೆ ಹಾರುತ್ತಿದ್ದುದು ನಿಲ್ಲುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಕಾಯುವುದು ಕಡಿಮೆಯಾಗುತ್ತದೆ. ಚಕ್ರಕ್ಕೆ ಅಷ್ಟೇ ಬಲ ಕೊಡಲು ಗೇರ್‌ಬಾಕ್ಸೂ ಪ್ರೊಪೆಲ್ಲರ್ ಶಾಫ್ಟೂ ಹೊರಬೇಕಾದ ಟಾರ್ಕ್ ಕೂಡ ಇಳಿಯುತ್ತದೆ. ಎಂಜಿನ್ನಿಗೆ ಹೊಸ ಪ್ರೋಗ್ರಾಂ ಹಾಕಿಸಿ ಹೆಚ್ಚು ಟಾರ್ಕ್ ಹಿಂಡಿದರೆ ಇದೆಲ್ಲದರ ಮೇಲೆ ಒತ್ತಡ ಏರುತ್ತದೆ. ಅದಕ್ಕೇ ಭಾರ ಎಳೆಯುವವರು ಎಂಜಿನ್ನನ್ನು ಕೆಣಕುವ ಮೊದಲು ಆಕ್ಸಲ್ಲಿನತ್ತ ನೋಡುವುದು ಸರಿ.

ಆದರೆ ಇದೇ ಟೈರು ಇನ್ನೊಂದನ್ನೂ ಕದ್ದಿದೆ, ಅದರ ಮಾತು ಯಾರೂ ಎತ್ತುವುದಿಲ್ಲ. ಬ್ರೇಕಿನ ಡಿಸ್ಕು ಮೊದಲಿನದ್ದೇ. ಅದು ಚಕ್ರವನ್ನು ಹಿಡಿಯುವ ತಿರುಚುಬಲವೂ ಮೊದಲಿನದ್ದೇ. ಚಕ್ರದ ತ್ರಿಜ್ಯ ಹೆಚ್ಚಾದ್ದರಿಂದ ಪೆಡಲನ್ನು ಅಷ್ಟೇ ಒತ್ತಿದಾಗ ರಸ್ತೆಯ ಮೇಲೆ ಸಿಗುವ ತಡೆಬಲ ಶೇ 11ರಷ್ಟು ಕಡಿಮೆಯಾಗುತ್ತದೆ. ಟೈರೂ ರಿಮ್ಮೂ ಮೊದಲಿಗಿಂತ ಭಾರ, ಅವುಗಳ ತಿರುಗಾಟವನ್ನು ನಿಲ್ಲಿಸುವುದೂ ಬ್ರೇಕಿನ ತಲೆಗೇ. ಕ್ರೌನ್-ಪಿನಿಯನ್ ಬದಲಿಸುವುದರಿಂದ ಈ ನಷ್ಟದಲ್ಲಿ ಒಂದು ಚೂರೂ ತುಂಬಿಬರುವುದಿಲ್ಲ, ಏಕೆಂದರೆ ಬ್ರೇಕು ಕೂತಿರುವುದು ಗೇರಿನ ಆಚೆ, ಚಕ್ರದ ಬಳಿ. ಹೊರಡುವಾಗ ಗಾಡಿ ಮೊದಲಿನ ಹುರುಪಿನಲ್ಲಿ ಹೊರಡುತ್ತದೆ. ನಿಲ್ಲುವಾಗ ಮೊದಲಿನಂತೆ ನಿಲ್ಲುವುದಿಲ್ಲ. ಹುರುಪು ಮರಳಿದ್ದನ್ನು ಕಂಡ ಮಾಲೀಕ ಎಲ್ಲವೂ ಮರಳಿದೆ ಎಂದುಕೊಳ್ಳುತ್ತಾನೆ.

ಫೋರ್ ವೀಲ್ ಡ್ರೈವ್ ಆದರೆ ಎರಡು ಪಟ್ಟು ಕೆಲಸ

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಹಿಂದಿನ ಆಕ್ಸಲ್ಲಿನಲ್ಲಿ 4.10 ಹಾಕಿ ಮುಂದಿನದರಲ್ಲಿ 3.55 ಬಿಟ್ಟರೆ ಟು ವೀಲ್‌ನಲ್ಲಿ ಓಡಾಡುವಾಗ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ಕ್ಷಣ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಆಗ ಮುಂದಿನ ಚಕ್ರಗಳು ಒಂದು ವೇಗದಲ್ಲಿ, ಹಿಂದಿನವು ಇನ್ನೊಂದು ವೇಗದಲ್ಲಿ ಹೋಗಲು ನೋಡುತ್ತವೆ. ಒಂದು ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಬೇರೆ ಬೇರೆ ಹೆಜ್ಜೆ ಹಾಕಿದಂತೆ. ಕೆಸರಿನಲ್ಲಾದರೆ ಟೈರು ಜಾರಿ ಸರಿಹೋಗಬಹುದು, ಗಟ್ಟಿ ನೆಲದಲ್ಲಿ ಶಾಫ್ಟು, ಜಾಯಿಂಟು, ಟ್ರಾನ್ಸ್‌ಫರ್ ಕೇಸಿನೊಳಗಿನ ಚೈನು ತಿರುಚಿಕೊಂಡು ಯಾವುದೋ ಒಂದು ಮುರಿಯುತ್ತದೆ. ಆದ್ದರಿಂದ ಎರಡೂ ಆಕ್ಸಲ್ಲುಗಳ ಗೇರನ್ನು ಒಟ್ಟಿಗೆ ಬದಲಿಸಲೇಬೇಕು. ಖರ್ಚೂ ಎರಡು ಪಟ್ಟು. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ, ಫೋರ್ ವೀಲ್ ಹಾಕುವುದಿಲ್ಲ ಬಿಡು ಎನ್ನುವವನು ತನ್ನ ನೆನಪಿನ ಮೇಲೆ ಮಾತ್ರವಲ್ಲ, ಮುಂದೆ ಆ ಗಾಡಿ ಕೊಳ್ಳುವವನ ನೆನಪಿನ ಮೇಲೂ ಬಾಜಿ ಕಟ್ಟುತ್ತಿದ್ದಾನೆ.

ಕೆಲಸವೂ ಮನೆಯ ಶೆಡ್ಡಿನಲ್ಲಿ ಭಾನುವಾರ ಮುಗಿಸುವಂಥದ್ದಲ್ಲ. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ತೆಳು ಶಿಮ್ಮುಗಳಿಂದ ಹೊಂದಿಸಬೇಕು. ಬೇರಿಂಗಿನ ಬಿಗಿ ಅಳೆಯಬೇಕು. ಎರಡು ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಕಾಲು ಭಾಗವನ್ನೂ ಮೀರದ ಹಾಗೆ ನೋಡಿಕೊಳ್ಳಬೇಕು. ಹಲ್ಲಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಒಂದಕ್ಕೊಂದು ತಾಗಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೋ ಅಂಚಿಗೆ ಬಿದ್ದಿದೆಯೋ ಎಂದು ಓದಬೇಕು. ಗುರುತು ತಪ್ಪಿದ್ದರೆ ಮತ್ತೆ ಬಿಚ್ಚಬೇಕು. ಈ ತಾಳ್ಮೆ ಇಲ್ಲದ ಕೈಗೆ ಸಿಕ್ಕ ಆಕ್ಸಲ್ ಕೆಲವು ಸಾವಿರ ಕಿಲೋಮೀಟರಿನಲ್ಲೇ ಊಳಿಡಲು ಶುರುಮಾಡುತ್ತದೆ.

ಕೆಲಸ ಮುಗಿದ ಮೇಲೂ ಕಾಯಬೇಕು. ಹೊಸ ಹಲ್ಲುಗಳು ಒಂದಕ್ಕೊಂದು ಪಳಗುವ ತನಕ, ಅಂದರೆ ಸಾಮಾನ್ಯವಾಗಿ ಮೊದಲ 500 ಮೈಲಿ, ಟ್ರೇಲರ್ ಕಟ್ಟಬಾರದು. ಸ್ವಲ್ಪ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಬೇಕು. ಅದಾದ ಮೇಲೆ ಎಣ್ಣೆ ಬದಲಿಸಬೇಕು. ಗೇರು ಹಾಕಿಸಿದ ಮರುದಿನವೇ ಭಾರ ಕಟ್ಟಿಕೊಂಡು ಬೆಟ್ಟ ಹತ್ತಿ ಹಲ್ಲು ಸುಟ್ಟುಕೊಂಡರೆ ಅದಕ್ಕೆ ಗೇರಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಇನ್ನೊಂದು ಸಂಗತಿ: ಅಂಕಿ ದೊಡ್ಡದಾದಂತೆ ಪಿನಿಯನ್ ಚಿಕ್ಕದಾಗುತ್ತದೆ. 4.88ರ ಜೋಡಿಯಲ್ಲಿ ಪಿನಿಯನ್ನಿಗೆ ಎಂಟೇ ಹಲ್ಲು. ಎಳೆತ ಹೆಚ್ಚಿಸಲು ಹೋಗಿ ಎಳೆತವನ್ನು ತಾಳುವ ಹಲ್ಲನ್ನೇ ದುರ್ಬಲ ಮಾಡಿಕೊಳ್ಳುವ ಹಂತವೂ ಬರುತ್ತದೆ.

ಹಳೆಯ ಗಾಡಿಗೆ ಸರಿ, ಹೊಸದಕ್ಕೆ?

ಗೇರು ಬದಲಿಸು ಎಂಬ ಸಲಹೆ ಹುಟ್ಟಿದ್ದು ಗೇರ್‌ಬಾಕ್ಸಿನಲ್ಲಿ ಮೂರೋ ನಾಲ್ಕೋ ಗೇರುಗಳಿದ್ದ ಕಾಲದಲ್ಲಿ. ಜನರಲ್ ಮೋಟಾರ್ಸ್‌ನ ನಾಲ್ಕು ಗೇರಿನ 4ಎಲ್60ಇ ಎಂಬ ಆಟೊಮ್ಯಾಟಿಕ್‌ನಲ್ಲಿ ಮೊದಲ ಗೇರಿನ ಅನುಪಾತ 3.06. ಅದರ ಜೊತೆ 4.10ರ ಆಕ್ಸಲ್ ಇದ್ದರೆ ಹೊರಡುವಾಗ ಎಂಜಿನ್ನಿನ ಟಾರ್ಕ್ ಸುಮಾರು ಹನ್ನೆರಡೂವರೆ ಪಟ್ಟಾಗಿ ಚಕ್ರಕ್ಕೆ ತಲುಪುತ್ತದೆ. ಫೋರ್ಡ್ ಎಫ್-150ಯ ಈಚಿನ ಹತ್ತು ಗೇರಿನ ಆಟೊಮ್ಯಾಟಿಕ್‌ನಲ್ಲಿ ಮೊದಲ ಗೇರು 4.70. ಅದಕ್ಕೆ ಸಾಧಾರಣ 3.55ರ ಆಕ್ಸಲ್ ಸೇರಿದರೂ ಹದಿನಾರೂವರೆ ಪಟ್ಟು ದಾಟುತ್ತದೆ. ಹಳೆಯ ಗಾಡಿ ಎಳೆಯುವುದಕ್ಕೆಂದು ವಿಶೇಷವಾಗಿ ಹಾಕಿಸಿಕೊಳ್ಳುತ್ತಿದ್ದ ಗೇರಿಗಿಂತ ಹೊಸ ಗಾಡಿಯ ಸಾಮಾನ್ಯ ಗೇರೇ ಹೊರಡುವಾಗ ಹೆಚ್ಚು ಬಲ ಕೊಡುತ್ತದೆ. ಗೇರುಗಳ ನಡುವಿನ ಅಂತರವೂ ಕಿರಿದು, ಏರಿನಲ್ಲಿ ಎಂಜಿನ್ನಿಗೆ ಬೇಕಾದ ಸುತ್ತು ಯಾವುದಾದರೂ ಒಂದು ಗೇರಿನಲ್ಲಿ ಸಿಕ್ಕೇ ಸಿಗುತ್ತದೆ.

ಹೀಗಿರುವಾಗ ಕಂಪನಿ ಕೊಟ್ಟ ಅಳತೆಯ ಟೈರನ್ನೇ ಇಟ್ಟುಕೊಂಡ ಹೊಸ ಪಿಕಪ್ಪಿಗೆ ಸಾವಿರ ಡಾಲರಿಗೂ ಮೀರಿ ಸುರಿದು ಎರಡೂ ಆಕ್ಸಲ್ಲಿನ ಗೇರು ಬದಲಿಸುವುದು ಬಹುಪಾಲು ದಂಡ. ಏರಿನಲ್ಲಿ ಎಂಜಿನ್ 4,000 ಸುತ್ತು ತಿರುಗಿದರೆ ಹೆದರಬೇಕಿಲ್ಲ. ಅದು ಅದಕ್ಕೆಂದೇ ಕಟ್ಟಿದ ಎಂಜಿನ್. ಎಷ್ಟೋ ಜನರಿಗೆ ಬೇಕಾಗಿರುವುದು ಹೊಸ ಗೇರಲ್ಲ, ಎಂಜಿನ್ನಿನ ಸದ್ದನ್ನು ಸಹಿಸಿಕೊಂಡು ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರುವ ಸಮಾಧಾನ. ಖಂಡಾಲಾದ ಲಾರಿಯ ಚಾಲಕನಿಗೆ ಆ ಸಮಾಧಾನ ಇದೆ.

ಬಾಗಿಲ ಬಳಿಯ ಚೀಟಿ

ಕಂಪನಿಗಳ ಪಟ್ಟಿಯಲ್ಲಿ ಅದೇ ಎಂಜಿನ್, ಅದೇ ಮೈಕಟ್ಟಿನ ಪಿಕಪ್ಪಿಗೆ ಆಕ್ಸಲ್ ಅನುಪಾತ ಬೇರೆಯಾದರೆ ಎಳೆಯುವ ಮಿತಿಯೂ ಬೇರೆಯಾಗುವುದುಂಟು. ಕೆಲವೊಮ್ಮೆ ವ್ಯತ್ಯಾಸ ಸಾವಿರ ಪೌಂಡನ್ನೂ ದಾಟುತ್ತದೆ. ಇದನ್ನು ನೋಡಿದವರು ಒಂದು ತೀರ್ಮಾನಕ್ಕೆ ಬರುತ್ತಾರೆ: ಆ ಗೇರು ಹಾಕಿಸಿದರೆ ತಮ್ಮ ಗಾಡಿಗೂ ಆ ಮಿತಿ ಬಂದಂತೆ. ತರ್ಕ ಸಹಜ, ಆದರೆ ತಪ್ಪು. ಕಂಪನಿ ದೊಡ್ಡ ಅಂಕಿಯ ಗೇರು ಕೊಡುವಾಗ ಅದರ ಜೊತೆ ದೊಡ್ಡ ರೇಡಿಯೇಟರು, ಗೇರ್‌ಬಾಕ್ಸಿನ ಎಣ್ಣೆಗೆ ಕೂಲರು, ಗಟ್ಟಿ ಸ್ಪ್ರಿಂಗು, ಬಲವಾದ ಕೊಂಡಿ ಕೂಡ ಕೊಟ್ಟಿರಬಹುದು. ಗೇರೊಂದನ್ನು ಆಯ್ದುಕೊಂಡು ಉಳಿದದ್ದನ್ನು ಬಿಟ್ಟರೆ ಮದುವೆಯ ಊಟದಲ್ಲಿ ಹೋಳಿಗೆ ಮಾತ್ರ ತಿಂದು ಹೊಟ್ಟೆ ತುಂಬಿತು ಎಂದಂತೆ.

ಆ ಮಿತಿಗಳೂ ಒಂದು ಕಾಲದಲ್ಲಿ ಜಾಹೀರಾತಿನ ಮಾತಾಗಿದ್ದವು. ಪ್ರತಿ ಕಂಪನಿ ತನಗೆ ತೋಚಿದಂತೆ ಅಳೆದು, ಪಕ್ಕದವನಿಗಿಂತ ನೂರು ಪೌಂಡು ಹೆಚ್ಚು ಬರೆದುಕೊಳ್ಳುತ್ತಿತ್ತು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ರೂಪಿಸಿದ ಜೆ2807 ಎಂಬ ಮಾನದಂಡ ಇದಕ್ಕೆ ಕಡಿವಾಣ ಹಾಕಿತು. ಮೊದಲು ಅದನ್ನು ಒಪ್ಪಿಕೊಂಡದ್ದು ಟೊಯೊಟಾ, ತನ್ನ ಟಂಡ್ರಾ ಪಿಕಪ್ಪಿಗೆ. ಅದರ ಪರೀಕ್ಷೆಗಳಲ್ಲಿ ಹೆಸರಾದದ್ದು ಡೇವಿಸ್ ಡ್ಯಾಮ್ ಏರು. ಅರಿಜೋನಾದ ಮರುಭೂಮಿಯಲ್ಲಿ, ಕೊಲರಾಡೊ ನದಿಯ ದಂಡೆಯಿಂದ ಮೇಲೇರುವ 11 ಮೈಲಿಗಿಂತ ಸ್ವಲ್ಪ ಹೆಚ್ಚಿನ ರಸ್ತೆ ಅದು. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಎ.ಸಿ. ಪೂರ್ತಿ ಚಾಲೂ, ಹಿಂದೆ ಪೂರ್ಣ ಭಾರದ ಟ್ರೇಲರ್. ಹಿಂದೆ ಎರಡೇ ಚಕ್ರಗಳ ಪಿಕಪ್ ಎಲ್ಲೂ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು. ಇದರ ಜೊತೆಗೆ ಶೇ 12ರ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡುವ ಪರೀಕ್ಷೆ, ತಿರುವಿನಲ್ಲಿ ಟ್ರೇಲರ್ ತೊನೆದಾಡದಿರುವ ಪರೀಕ್ಷೆ, ನಿಲ್ಲುವ ಪರೀಕ್ಷೆ ಎಲ್ಲ ಇವೆ. ಗೇರು ನೆರವಾಗುವುದು ಇವುಗಳಲ್ಲಿ ಏರು ಮತ್ತು ಹೊರಡುವ ಪರೀಕ್ಷೆಗಳಿಗೆ. ಕೊನೆಯ ಎರಡಕ್ಕೆ ಅದರಿಂದ ಏನೂ ಆಗದು.

ಎಳೆಯುವ ಮಿತಿಗಿಂತ ಮೊದಲೇ ಮುಗಿದುಹೋಗುವ ಇನ್ನೊಂದು ಮಿತಿಯಿದೆ. ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಗಾಡಿ ತನ್ನ ಮೈಮೇಲೆ ಎಷ್ಟು ಹೊರಬಹುದೆಂದು ಬರೆದಿರುತ್ತದೆ. ಟ್ರೇಲರಿನ ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೂಲಕ ಗಾಡಿಯ ಬೆನ್ನಿಗೇ ಬೀಳುತ್ತದೆ. 3,300 ಕಿಲೋ ಟ್ರೇಲರ್ ಎಂದರೆ 330ರಿಂದ 500 ಕಿಲೋ. ಚೀಟಿಯಲ್ಲಿ 700 ಕಿಲೋ ಇದ್ದರೆ ಉಳಿದದ್ದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ನಾಯಿ, ಸೌದೆ, ನೀರಿನ ಕ್ಯಾನು ಎಲ್ಲ ಹಿಡಿಯಬೇಕು. ಮಕ್ಕಳನ್ನು ಕೂರಿಸುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಆಕ್ಸಲ್ಲಿನ ಹಲ್ಲು ಬದಲಿಸಿದರೆ ಈ ಚೀಟಿ ಬದಲಾಗುವುದಿಲ್ಲ. ಅಪಘಾತವಾದ ದಿನ ವಿಮೆಯವರೂ ಪೊಲೀಸರೂ ವಕೀಲರೂ ಮೊದಲು ಓದುವುದು ಆ ಚೀಟಿಯನ್ನೇ.

ಇಳಿಜಾರಿನಲ್ಲಿ ಕೇಳುವ ಪ್ರಶ್ನೆ

ಏರಿನಲ್ಲಿ ಶಕ್ತಿ ಸಾಲದಿದ್ದರೆ ಆಗುವ ಅನಾಹುತ ದೊಡ್ಡದಲ್ಲ. ಗಾಡಿ ನಿಧಾನವಾಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇಳಿಜಾರಿನಲ್ಲಿ ಸಾಲದಿದ್ದರೆ ಆಗುವುದೇ ಬೇರೆ. ಅದೇ 6,000 ಕಿಲೋ ತೂಕ 300 ಮೀಟರ್ ಕೆಳಗಿಳಿಯುವಾಗ ಬಿಡುವ ಶಕ್ತಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಗಾಳಿಯ ತಡೆ ಒಂದಷ್ಟನ್ನು ನುಂಗಿದರೂ ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕು. ಬ್ರೇಕು ಒತ್ತಿ ಹಿಡಿದೇ ಇಳಿದರೆ ಅಷ್ಟೂ ಬಿಸಿ ಕೆಲವು ಕಿಲೋ ಕಬ್ಬಿಣದೊಳಗೆ ಹೋಗುತ್ತದೆ. ಪ್ಯಾಡು ಕಾದು ಹಿಡಿತ ಬಿಡುತ್ತದೆ, ಬ್ರೇಕ್ ಎಣ್ಣೆ ಕುದಿದು ಪೆಡಲು ತಳಕ್ಕೆ ಹೋಗುತ್ತದೆ. ಬೋರ್ ಘಾಟಿನ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿದ ಲಾರಿಗಳ ಬ್ರೇಕು ಹೋಗಿ ಮುಂದಿನ ಕಾರುಗಳಿಗೆ ಗುದ್ದುವ ಸುದ್ದಿ ಪುಣೆ, ಮುಂಬಯಿಯ ಓದುಗರಿಗೆ ಹೊಸತಲ್ಲ. ಅರಿಜೋನಾದಲ್ಲಾದರೂ ಖಂಡಾಲಾದಲ್ಲಾದರೂ ಭೌತಶಾಸ್ತ್ರ ಒಂದೇ.

ನ್ಯಾಯವಾಗಿ ಹೇಳುವುದಾದರೆ ಆಕ್ಸಲ್ ಗೇರು ಇಲ್ಲೂ ಸ್ವಲ್ಪ ನೆರವಾಗುತ್ತದೆ. ಅಂಕಿ ದೊಡ್ಡದಿದ್ದರೆ ಕೆಳಗಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದಿಡುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದರೆ ಈ ನೆರವು ಮೊದಲಿನ ಭಾರಕ್ಕೆ ಮಾತ್ರ. ಎಳೆತ ಹೆಚ್ಚಿತೆಂದು ಭಾರವನ್ನೂ ಶೇ 15 ಹೆಚ್ಚಿಸಿದರೆ ಇಳಿಜಾರಿನಲ್ಲಿ ಸಿಕ್ಕ ಲಾಭ ಅಲ್ಲಿಗೇ ಸರಿಹೋಯಿತು. ತಟಕ್ಕನೆ ನಿಲ್ಲಿಸಬೇಕಾದ ಹೊತ್ತಿನಲ್ಲಿ ಅದು ನಷ್ಟವಾಯಿತು. ಟ್ರೇಲರಿಗೆ ತನ್ನದೇ ಬ್ರೇಕು ಇದೆಯೇ, ಗಾಡಿಯ ಒಳಗಿರುವ ಅದರ ನಿಯಂತ್ರಕವನ್ನು ಭಾರಕ್ಕೆ ತಕ್ಕಂತೆ ಹೊಂದಿಸಿದೆಯೇ, ದೊಡ್ಡ ಟೈರು ಹಾಕಿಸಿದ್ದರೆ ಬ್ರೇಕನ್ನೂ ದೊಡ್ಡದು ಮಾಡಿಸಿದೆಯೇ ಎಂದು ಗೇರು ಬದಲಿಸುವ ಗ್ಯಾರೇಜಿನವನು ಕೇಳಬೇಕು. ಕೇಳದಿದ್ದರೆ ಮಾಲೀಕನೇ ಕೇಳಿಕೊಳ್ಳಬೇಕು. ಖರ್ಚಿಗೆ ಎತ್ತಿಟ್ಟ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುತ್ತದೆ ಎಂದಾದರೆ ಅದು ಬ್ರೇಕಿಗೆ ಹೋಗಬೇಕು.

ಎಸ್ಟೇಟಿನ ಜೀಪು ಕಲಿಸಿದ ಪಾಠ

ಕೆಲಸಕ್ಕೆ ತಕ್ಕ ಗೇರು ಎಂಬ ವಿಚಾರ ಕನ್ನಡ ನಾಡಿಗೂ ಹಳೆಯದೇ. ಎರಡನೇ ಮಹಾಯುದ್ಧದಲ್ಲಿ ಓಡಿದ ವಿಲ್ಲಿಸ್ ಜೀಪಿನ ಆಕ್ಸಲ್ ಅನುಪಾತ 4.88. ಯುದ್ಧ ಮುಗಿದು 1945ರಲ್ಲಿ ಅದೇ ಜೀಪನ್ನು ರೈತರಿಗೆಂದು ಸಿಜೆ-2ಎ ಹೆಸರಿನಲ್ಲಿ ಮಾರಲು ಹೊರಟಾಗ ಕಂಪನಿ ಅದನ್ನು 5.38ಕ್ಕೆ ಏರಿಸಿತು. ಎಂಜಿನ್ ಹೆಚ್ಚುಕಡಿಮೆ ಹಳೆಯದೇ. ಆದರೆ ಕೆಲಸ ಬೇರೆ. ಸೈನ್ಯಕ್ಕೆ ಓಟ ಬೇಕಿತ್ತು, ಹೊಲಕ್ಕೆ ಎಳೆತ ಬೇಕಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಈ ಕುಲದ ಜೀಪುಗಳನ್ನೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಕೆಸರು ದಾರಿಯಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಗಳನ್ನು ಹೊತ್ತು ತಲೆಮಾರುಗಳ ಕಾಲ ಓಡಾಡಿದ್ದೂ ಅವೇ. ಹೆದ್ದಾರಿಗೆ ಬಂದರೆ ಆ ಜೀಪು ಹಿಂದೆ ಬೀಳುತ್ತಿತ್ತು. ತೋಟದವರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಗಾಡಿ ಯಾವ ಕೆಲಸಕ್ಕೆ ಎಂಬುದು ಅವರಿಗೆ ಗೊತ್ತಿತ್ತು.

ಈಗ ಥಾರ್‌ನಂಥ ಗಾಡಿಗೆ ದೊಡ್ಡ ಟೈರು ಹಾಕಿಸಿ ಘಾಟಿಯಲ್ಲಿ ಎಳೆತ ಸತ್ತುಹೋಯಿತು ಎನ್ನುವವರು ಪುಣೆಯಲ್ಲೂ ಬೆಂಗಳೂರಲ್ಲೂ ಸಿಗುತ್ತಾರೆ. ಅವರಿಗೂ ಅಮೆರಿಕದ ಅದೇ ಸಲಹೆ ತಲುಪಿದೆ. ಅಲ್ಲಿನಂತೆ ಇಲ್ಲಿ ಎಲ್ಲ ಆಕ್ಸಲ್ಲಿಗೂ ಬೇಕಾದ ಅನುಪಾತದ ಜೋಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಕಾನೂನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಹೀಗಿರುವಾಗ ಮೊದಲು ಮಾಡಬೇಕಾದ ಕೆಲಸ ಅಗ್ಗದ್ದು: ಕಂಪನಿ ಹೇಳಿದ ಅಳತೆಯ ಟೈರಿಗೆ ಮರಳುವುದು. ಎಳೆತವೂ ಮರಳುತ್ತದೆ, ಬ್ರೇಕಿನ ಹಿಡಿತವೂ ಮರಳುತ್ತದೆ. ಗೇರು ಬದಲಿಸಿದರೆ ಮರಳುವುದು ಇವೆರಡರಲ್ಲಿ ಒಂದು ಮಾತ್ರ.

ಹಳೆಯ ಲಾರಿ ಚಾಲಕರು ಕ್ಲೀನರ್ ಹುಡುಗರಿಗೆ ಹೇಳಿಕೊಡುವ ಒಂದು ಮಾತಿದೆ: ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಹತ್ತುವುದನ್ನೂ ಇಳಿಯುವುದನ್ನೂ ಒಂದೇ ಲೆಕ್ಕವಾಗಿ ನೋಡಬೇಕು ಎಂಬುದು ಅದರ ತಿರುಳು. ಆಕ್ಸಲ್ ಗೇರು ಬದಲಿಸಲು ಹೊರಟವರು ಅಮೆರಿಕದವರಾಗಲಿ ಇಲ್ಲಿಯವರಾಗಲಿ, ಗ್ಯಾರೇಜಿನವನಿಗೆ ಮುಂಗಡ ಕೊಡುವ ಮೊದಲು ಆ ಎರಡನೆಯ ಲೆಕ್ಕವನ್ನೂ ಒಂದು ಹಾಳೆಯ ಮೇಲೆ ಬರೆದು ನೋಡಲಿ.